ಹಳೇ ಸ್ಪೋರ್ಟ್ಸ್ ಕಾರಿನ ಅಸಲಿ ಚಕ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಎಂಜಿನ್ ಬಗ್ಗೆ ಎಷ್ಟು ಕೇಳುತ್ತಾರೋ ಚಕ್ರಗಳ ಬಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ಕೇಳುತ್ತಾರೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನನ್ನ ಲೆಕ್ಕದಲ್ಲಿ ಮೊದಲು ಚಕ್ರದ ಗಟ್ಟಿತನ ನೋಡಬೇಕು, ಆಮೇಲೆ ಅದರ ಗುರುತುಗಳನ್ನು ಉಳಿಸಬೇಕು, ಹೊಳಪಿನ ಮಾತು ಕೊನೆಗೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

## ಶುರುವಿನ ಪ್ರಶ್ನೆಗಳು

"ಅಸಲಿ ಚಕ್ರ" ಅಂದರೆ ಸರಿಯಾಗಿ ಏನು? ನನ್ನ ಕಾರಿನ ಜೊತೆಗೇ ಬಂದದ್ದು ಆಗಿರಬೇಕಾ?

ಮೂರು ಬಗೆ ಇವೆ. ಒಂದು, ಆ ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಅದರಲ್ಲೇ ಇದ್ದ ಚಕ್ರ. ಎರಡು, ಅದೇ ತಯಾರಕರು ಅದೇ ಕಾಲದಲ್ಲಿ ಅದೇ ಮಾದರಿಗೆ ಮಾಡಿದ್ದು, ಆದರೆ ಬೇರೆ ಕಾರಿನಿಂದ ಬಂದದ್ದು. ಮೂರು, ಕಂಪನಿಯೇ ಈಚೆಗೆ ಮತ್ತೆ ಮಾಡಿಸಿದ್ದು. ಮೂರನ್ನೂ ಮಾರುವವರು "ಒರಿಜಿನಲ್" ಎಂದೇ ಕರೆಯುತ್ತಾರೆ, ಅದಕ್ಕೇ ಗೊಂದಲ. ಮೊದಲನೆಯದನ್ನು ಸಾಬೀತು ಮಾಡುವುದು ಕಷ್ಟ. ಕಾರಿನ ಹಳೇ ಕಾಗದ, ಫೋಟೋ ಇದ್ದರೆ ಮಾತ್ರ ಆದೀತು. ಎರಡನೆಯದು ಸಿಕ್ಕರೂ ಖುಷಿಪಡಿ. ಮೂರನೆಯದು ಓಡಿಸಲು ಚೆನ್ನ, ಆದರೆ ಅದಕ್ಕೆ ಹಳೇ ಚಕ್ರದ ಬೆಲೆ ಕೊಡಬೇಡಿ.

ಚಕ್ರ ತಾನೇ? ಅದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ?

ಕೆಲವು ಕಾರುಗಳ ಮುಖವೇ ಚಕ್ರ. ಪೋರ್ಷೆ 911ಎಸ್‌ಗೆ 1967ರ ಮಾದರಿಯಿಂದ ಬಂದ ಫುಕ್ಸ್ ಚಕ್ರವನ್ನೇ ನೋಡಿ. ಜರ್ಮನಿಯ ಮೈನರ್ಟ್ಸ್‌ಹಾಗನ್‌ನ ಒಟ್ಟೊ ಫುಕ್ಸ್ ಕಂಪನಿ ಅದನ್ನು ಎರಕ ಹೊಯ್ಯದೆ, ಅಲ್ಯೂಮಿನಿಯಂ ಮಿಶ್ರಲೋಹವನ್ನು ಫೋರ್ಜ್ ಮಾಡಿ, ಅಂದರೆ ಭಾರೀ ಒತ್ತಡದಲ್ಲಿ ಒತ್ತಿ ರೂಪ ಕೊಟ್ಟು, ತಯಾರಿಸಿತು. ಎಸಳಿನಂಥ ಐದು ತೋಳುಗಳು, ನಡುವೆ ಕಪ್ಪು. ಅದನ್ನು ತೆಗೆದು ಬೇರೆ ಹಾಕಿದರೆ ಕಾರು ಬೇರೆಯಾಗೇ ಕಾಣುತ್ತದೆ.

ಇಟಲಿಯಲ್ಲಿ ಎರಡು ದಾರಿ ಇತ್ತು. ಮಿಲಾನಿನ ಬೊರಾನಿ ಕಂಪನಿ ಬ್ರಿಟನ್ನಿನ ರಡ್ಜ್-ವಿಟ್‌ವರ್ತ್ ಲೈಸೆನ್ಸಿನ ಮೇಲೆ ಸ್ಪೋಕ್ ಚಕ್ರ ಮಾಡಲು ಶುರು ಮಾಡಿತು. ಅಲ್ಯೂಮಿನಿಯಂ ರಿಮ್ಮಿನ ಆ ಚಕ್ರಗಳು ಫೆರಾರಿಗಳ ಗುರುತಾದವು. ಸೈಕಲ್ ಭಾಗಗಳಿಗೆ ಹೆಸರಾದ ವಿಚೆಂಜಾದ ಕಂಪಾನ್ಯೋಲೋ ಮೆಗ್ನೀಸಿಯಂ ಚಕ್ರ ಎರಕ ಹೊಯ್ದಿತು. ಲ್ಯಾಂಬೊರ್ಗಿನಿ ಮಿಯುರಾದಲ್ಲಿ ಇದ್ದದ್ದು ಅವೇ. ಅಮೆರಿಕದಲ್ಲಿ ಹ್ಯಾಲಿಬ್ರಾಂಡ್, ಬ್ರಿಟನ್ನಿನಲ್ಲಿ ಮಿನಿಲೈಟ್ ಇಂಥವನ್ನೇ ಮಾಡುತ್ತಿದ್ದವು. ಜಪಾನಿನ ಟೊಯೋಟಾ 2000ಜಿಟಿಗೂ ಮೆಗ್ನೀಸಿಯಂ ಚಕ್ರವೇ ಇತ್ತು. ಇವು ಬಹುಪಾಲು ರೇಸಿನ ಆಸೆಯಿಂದ ಹುಟ್ಟಿದವು. ತೂಕ ಇಳಿಸುವುದು ಮುಖ್ಯವಾಗಿತ್ತು. ಐವತ್ತು ವರ್ಷ ಬಾಳಲಿ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಇಂದಿನ ತಲೆನೋವೆಲ್ಲ ಶುರುವಾಗುವುದು ಅಲ್ಲಿಂದಲೇ.

ನನ್ನದು ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ, ಹೇಗೆ ತಿಳಿಯೋದು?

ಇದನ್ನು ತಿಳಿಯದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಒಂದಕ್ಕೆ ಆಗುವ ಔಷಧಿ ಇನ್ನೊಂದನ್ನು ತಿಂದುಹಾಕುತ್ತದೆ.

ಮೊದಲು ತೂಕ. ಮೆಗ್ನೀಸಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.74 ಗ್ರಾಂ, ಅಲ್ಯೂಮಿನಿಯಮ್ಮಿಗೆ 2.70. ಟೈರಿಲ್ಲದ ಮೆಗ್ನೀಸಿಯಂ ಚಕ್ರ ಎತ್ತಿದಾಗ "ಇಷ್ಟೇನಾ!" ಅನ್ನಿಸುತ್ತದೆ. ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ, ತೋಳು ತೆಳ್ಳಗಿದ್ದರೆ ಅಲ್ಯೂಮಿನಿಯಂ ಕೂಡ ಹಗುರವೇ.

ಖಚಿತ ಮಾಡಿಕೊಳ್ಳಲು ವಿನೆಗರ್ ಸಾಕು. ಹಿಂಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಿ. ಒಂದು ಹನಿ ಬಿಡಿ. ಮೆಗ್ನೀಸಿಯಂ ಆದರೆ ತಕ್ಷಣ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಸುಮ್ನೆ ಇರುತ್ತದೆ. ನೋಡಿದ ಕೂಡಲೇ ನೀರಿನಲ್ಲಿ ಒರೆಸಿ, ಒಣಗಿಸಿ, ಆ ಚುಕ್ಕೆಗೆ ಮತ್ತೆ ಪ್ರೈಮರ್ ಹಚ್ಚಿ.

ಅಲಾಯ್ ಅಲ್ಲ, ಬರೀ ಉಕ್ಕಿನ ಚಕ್ರ. ಎಸೆಯಲಾ?

ಎಸೆಯಬೇಡಿ. ಎಲ್ಲರೂ ಎಸೆದದ್ದರಿಂದಲೇ ಅವು ಅಪರೂಪ ಆಗಿರುವುದು. ಪೋರ್ಷೆ 356ರ ಉಕ್ಕಿನ ಚಕ್ರಗಳ ಮೇಲೆ ತಯಾರಕರ ಮುದ್ರೆ, ತಾರೀಖು ಇರುತ್ತವೆ. ತಾರೀಖು ಹೊಂದುವ ಐದು ಚಕ್ರ ಹುಡುಕುವುದು ಒಂದು ಅಲಾಯ್ ಸೆಟ್ ಹುಡುಕುವುದಕ್ಕಿಂತ ಕಷ್ಟ ಆಗಬಹುದು. ಜೊತೆಯಲ್ಲಿದ್ದ ವೀಲ್ ಕ್ಯಾಪ್‌ಗಳನ್ನೂ ಎತ್ತಿಡಿ.

## ಕೊಳ್ಳುವಾಗ

ನಕಲಿ ಚಕ್ರ ಹೇಗೆ ಗುರುತಿಸೋದು? ಮುಂದಿನಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತೆ.

ಮುಂದಿನಿಂದ ನೋಡುವುದನ್ನು ಬಿಡಿ. ನಕಲು ಮಾಡುವವರು ತಲೆ ಓಡಿಸುವುದು ಮುಂಭಾಗದ ಮೇಲೆ. ಚಕ್ರ ಮಗುಚಿ ಹಾಕಿ ಹಿಂಭಾಗ ನೋಡಿ. ಅಲ್ಲಿ ತಯಾರಕರ ಮುದ್ರೆ, ಭಾಗದ ಸಂಖ್ಯೆ, ಅಗಲ, ತಾರೀಖು ಇರಬೇಕು. ಬೊರಾನಿ ಆದರೆ ಹೆಸರಿನ ಮುದ್ರೆ, ಜೊತೆಗೆ ಆರ್‌ಡಬ್ಲ್ಯೂ ಅಕ್ಷರಗಳಿಂದ ಶುರುವಾಗುವ ಮಾದರಿ ಸಂಖ್ಯೆ. ಜರ್ಮನಿಯಲ್ಲಿ ಒಪ್ಪಿಗೆ ಪಡೆದ ಎಷ್ಟೋ ಚಕ್ರಗಳಲ್ಲಿ ಕೆಬಿಎ (ಅಲ್ಲಿನ ಸರ್ಕಾರಿ ವಾಹನ ಕಚೇರಿ) ಸಂಖ್ಯೆ ಇರುತ್ತದೆ.

ಅಕ್ಷರಗಳ ಆಕಾರ ನೋಡಿ. ಎರಕದ ಅಚ್ಚಿನಲ್ಲೇ ಬಂದ ಅಕ್ಷರ ಉಬ್ಬಿರುತ್ತದೆ, ಗುದ್ದಿದ ಅಕ್ಷರ ಒಳಗೆ ಇಳಿದಿರುತ್ತದೆ. ಯಾವ ಮಾದರಿಯಲ್ಲಿ ಯಾವುದು ಇರಬೇಕು ಅನ್ನುವುದನ್ನು ಮೊದಲೇ ತಿಳಿದುಕೊಂಡು ಹೋಗಿ. ಅಸಲಿ ಚಕ್ರವನ್ನೇ ಅಚ್ಚಾಗಿ ಬಳಸಿ ಎರಕ ಹೊಯ್ದ ನಕಲಿನಲ್ಲಿ ಎಲ್ಲ ಅಳತೆ ತುಸು ಚಿಕ್ಕದಾಗಿರುತ್ತದೆ, ಯಾಕಂದರೆ ಲೋಹ ಆರುವಾಗ ಕುಗ್ಗುತ್ತದೆ. ಅಕ್ಷರಗಳ ಅಂಚೂ ಮೊಂಡಾಗಿರುತ್ತದೆ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ನಡುವಿನ ತೂತು, ಬೋಲ್ಟ್ ವೃತ್ತ (ಬೋಲ್ಟ್ ತೂತುಗಳ ನಡುಬಿಂದುಗಳನ್ನು ಸೇರಿಸುವ ವೃತ್ತದ ಅಡ್ಡಳತೆ), ತೋಳಿನ ದಪ್ಪ ಅಳೆಯಿರಿ. ಹಳೇ 911ಕ್ಕೆ ಬೋಲ್ಟ್ ವೃತ್ತ 130 ಮಿಲಿಮೀಟರ್, ಐದು ಬೋಲ್ಟ್.

ತೂಕದ ಯಂತ್ರ ತರಲು ಮಾರುವವರು ಬೇಡ ಅಂದರೆ ಸುಮ್ಮನೆ ಎದ್ದು ಬನ್ನಿ.

ನಾಲ್ಕೂ ಚಕ್ರ ಒಂದೇ ತಿಂಗಳಿನವೇ ಆಗಿರಬೇಕಾ?

ಬೇಕಾಗಿಲ್ಲ. ಕಾರ್ಖಾನೆಯಲ್ಲಿ ಚಕ್ರಗಳು ರಾಶಿಯಲ್ಲಿ ಬರುತ್ತಿದ್ದವು, ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಹಾಗಾಗಿ ಒಂದೆರಡು ತಿಂಗಳ ವ್ಯತ್ಯಾಸ ಸಹಜ. ನೋಡಬೇಕಾದದ್ದು ಇನ್ನೊಂದು: ಚಕ್ರದ ತಾರೀಖು ಕಾರು ತಯಾರಾದ ತಾರೀಖಿಗಿಂತ ಮೊದಲಿನದಾಗಿರಬೇಕು. ಆಮೇಲಿನದಾದರೆ ಅದು ಆಮೇಲೆ ಬಂದ ಚಕ್ರ, ಅಷ್ಟೇ. ನಾಲ್ಕರ ಮೇಲೂ ಒಂದೇ ತಿಂಗಳು, ಮುದ್ರೆ ಹೊಸದರ ಹಾಗೆ ಚೂಪು ಅಂದರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ಮುದ್ರೆ ಗುದ್ದುವ ಉಳಿ ಯಾರ ಕೈಯಲ್ಲಾದರೂ ಇರಬಹುದು.

ಅಗಲವೂ ಕಾರಿನ ವರ್ಷಕ್ಕೆ ಹೊಂದಬೇಕು. ಫುಕ್ಸ್ ಮೊದಲು ಬಂದಾಗ 4.5 ಇಂಚು, 1968ರ ಮಾದರಿಗೆ 5.5, 1969ಕ್ಕೆ 6 ಇಂಚು. 1967ರ ಕಾರಿಗೆ 6 ಇಂಚಿನ ಚಕ್ರ ಹಾಕಿ "ಮೊದಲಿನಿಂದ ಹೀಗೇ ಇತ್ತು" ಅಂದರೆ ನಂಬಬೇಡಿ.

ಸ್ಟೆಪ್ನಿ ಇಲ್ಲದೆ ನಾಲ್ಕೇ ಮಾರುತ್ತಿದ್ದಾರೆ. ತಗೊಳ್ಳಲಾ?

ತಗೊಳ್ಳಿ, ಆದರೆ ಸ್ಟೆಪ್ನಿ ಎಲ್ಲಿ ಹೋಯಿತು ಅಂತ ಕೇಳಿ, ಬೆನ್ನು ಬಿಡಬೇಡಿ. ಡಿಕ್ಕಿಯಲ್ಲಿ ಮಲಗಿದ್ದ ಆ ಐದನೇ ಚಕ್ರ ರಸ್ತೆ ಕಂಡಿರುವುದೇ ಕಡಿಮೆ. ಕಾರ್ಖಾನೆಯ ಬಣ್ಣ, ಅದರ ಹೊಳಪು ಎಷ್ಟು, ಎಲ್ಲಿ ಮೆಷಿನ್ ಮಾಡಿದ ಗೆರೆ ಉಳಿದಿತ್ತು, ಹಿಂಭಾಗಕ್ಕೆ ಬಣ್ಣ ಎಷ್ಟು ದೂರ ಹೋಗಿತ್ತು, ಎಲ್ಲವೂ ಅದರಲ್ಲಿ ಉಳಿದಿರುತ್ತದೆ. ಉಳಿದ ನಾಲ್ಕನ್ನು ಸರಿ ಮಾಡುವಾಗ ಅದೇ ನಮ್ಮ ಮಾದರಿ. ಹಾಗಾಗಿ ಐದನ್ನೂ ಒಟ್ಟಿಗೆ ಹೊಸದಾಗಿ ಬಣ್ಣಕ್ಕೆ ಕಳಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಸ್ಟೆಪ್ನಿಯನ್ನು ಮುಟ್ಟದೆ ಬಿಡಿ.

## ದಿನದ ಆರೈಕೆ

ತೊಳೆಯೋಕೆ ಏನು ಬಳಸಬೇಕು?

ಕಾರು ತೊಳೆಯುವ ಸಾದಾ ಶಾಂಪೂ, ಮೆತ್ತನೆಯ ಬ್ರಶ್, ನೀರು. ಅಷ್ಟು ಸಾಕು. "ಸಿಂಪಡಿಸಿ, ಎರಡು ನಿಮಿಷ ಬಿಡಿ" ಅನ್ನುವ ವೀಲ್ ಕ್ಲೀನರ್‌ಗಳಲ್ಲಿ ಎಷ್ಟೋ ಆಮ್ಲದವು. ಬಣ್ಣದಲ್ಲಿ ಒಂದು ಸಣ್ಣ ಬಿರುಕಿದ್ದರೂ ಆಮ್ಲ ಅದರೊಳಗೆ ಇಳಿದು ಮೆಗ್ನೀಸಿಯಮ್ಮನ್ನು ತಿನ್ನುತ್ತದೆ. ಆನೋಡೈಸ್ ಮಾಡಿದ (ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ) ಫುಕ್ಸ್‌ಗೆ ಶತ್ರು ಬೇರೆ, ಅದಕ್ಕೆ ಕ್ಷಾರ ಆಗದು. ಗ್ಯಾರೇಜಿನಲ್ಲಿ ಎಂಜಿನ್ ತೊಳೆಯಲು ಬಳಸುವ ಕ್ಷಾರದ ದ್ರಾವಣ ತಗುಲಿದರೆ ಹೊಳಪು ಹೋಗಿ ಬೂದಿ ಬಣ್ಣ ಬರುತ್ತದೆ. ಅದು ಕೊಳೆಯಲ್ಲ, ತೊಳೆದರೆ ಹೋಗದು.

ಚಕ್ರ ಬಿಸಿ ಇರುವಾಗ ತೊಳೆಯಬೇಡಿ. ಬ್ರೇಕಿನ ಪುಡಿಯಲ್ಲಿ ಕಬ್ಬಿಣದ ಕಣ ಇರುತ್ತದೆ, ಅದು ಒದ್ದೆಯಾಗಿ ಕೂತರೆ ಬಣ್ಣದೊಳಗೆ ತುಕ್ಕಿನ ಚುಕ್ಕೆಯಾಗುತ್ತದೆ. ಹಾಗಾಗಿ ಹೊರಗಿಗಿಂತ ಒಳಭಾಗ ತೊಳೆಯುವುದು ಮುಖ್ಯ. ತಿಂಗಳಿಗೊಮ್ಮೆ ಹೊರಗೆ ತೊಳೆದು, ವರ್ಷಕ್ಕೊಮ್ಮೆ ಬಿಚ್ಚಿ ಒಳಗೆ ತೊಳೆದು, ಒಣಗಿಸಿ, ಎರಡೂ ಕಡೆ ಮೇಣ ಹಚ್ಚಿದರೆ ಮುಂದಿನ ಸಲ ಬರೀ ನೀರಿಗೇ ಕೊಳೆ ಬಿಡುತ್ತದೆ.

ಕನ್ನಡಿ ಥರ ಪಾಲಿಶ್ ಮಾಡಿಸಿದರೆ ಚೆನ್ನಾಗಿರುತ್ತೆ ಅಲ್ವಾ?

ಒಂದು ವಾರ ಚೆನ್ನಾಗಿರುತ್ತದೆ. ಪಾಲಿಶ್ ಅಂದರೆ ಲೋಹ ಸವೆಸುವುದು. ಅಂಚುಗಳು ಮೊಂಡಾಗುತ್ತವೆ, ಮುದ್ರೆಗಳು ಮಾಸುತ್ತವೆ. ಆನೋಡೈಸ್ ಪದರ ಹೋದರೆ ಕೆಳಗಿನ ಅಲ್ಯೂಮಿನಿಯಂ ಮೆತ್ತಗೆ, ಮತ್ತೆ ಮತ್ತೆ ಉಜ್ಜುತ್ತಲೇ ಇರಬೇಕು. ಬರೀ ಮೆಗ್ನೀಸಿಯಮ್ಮನ್ನು ಪಾಲಿಶ್ ಮಾಡಿ ಹಾಗೇ ಬಿಡುವುದಂತೂ ಬೇಡವೇ ಬೇಡ. ಗಾಳಿಯ ತೇವಕ್ಕೇ ಅದು ಮಂಕಾಗಿ, ಬಿಳಿ ಪುಡಿ ಏಳಲು ಶುರುವಾಗುತ್ತದೆ. ಇನ್ನೊಂದು ಮಾತು: ಇವುಗಳಲ್ಲಿ ಹೆಚ್ಚಿನವು ಹೊಸದಾಗಿದ್ದಾಗಲೂ ಕನ್ನಡಿಯಂತೆ ಹೊಳೆಯುತ್ತಿರಲಿಲ್ಲ.

ಮಳೆಯಲ್ಲಿ ಓಡಿಸಬಹುದಾ?

ಬಣ್ಣ ಗಟ್ಟಿಯಾಗಿದ್ದರೆ ಓಡಿಸಬಹುದು. ಉಪ್ಪು ಮಾತ್ರ ಬೇಡ. ಹಿಮ ಕರಗಿಸಲು ಉಪ್ಪು ಎರಚಿದ ರಸ್ತೆ, ಸಮುದ್ರದ ಪಕ್ಕದ ರಸ್ತೆ, ಎರಡೂ ಮೆಗ್ನೀಸಿಯಮ್ಮಿಗೆ ವಿಷ. ಕಾರು ಕಟ್ಟಲು ಬಳಸುವ ಲೋಹಗಳಲ್ಲಿ ಮೆಗ್ನೀಸಿಯಂ ಎಲ್ಲಕ್ಕಿಂತ ಬೇಗ ತನ್ನನ್ನು ಬಿಟ್ಟುಕೊಡುವ ಲೋಹ. ಉಕ್ಕಿನ ಬೋಲ್ಟು, ಉಪ್ಪು ನೀರು, ಮೆಗ್ನೀಸಿಯಂ ಮೂರೂ ಒಟ್ಟು ಸೇರಿದರೆ ಅದೊಂದು ಬ್ಯಾಟರಿ, ಕರಗುವುದು ಚಕ್ರವೇ. ಉಪ್ಪಿನ ರಸ್ತೆಯಲ್ಲಿ ಹೋಗಿಬಂದಿದ್ದರೆ ಅದೇ ದಿನ ತೊಳೆದು ಒಣಗಿಸಿ.

ಕೆಲವು ತಿಂಗಳು ಕಾರು ನಿಲ್ಲಿಸಬೇಕು. ಚಕ್ರಕ್ಕೆ ಏನು ಮಾಡಲಿ?

ಅಸಲಿ ಚಕ್ರ ಬಿಚ್ಚಿಟ್ಟು, ಕಾರನ್ನು ಬೇರೆ ಚಕ್ರದ ಮೇಲೆ ನಿಲ್ಲಿಸುವುದು ಒಳ್ಳೆಯದು. ಬಿಚ್ಚಿದ್ದನ್ನು ತೊಳೆದು, ಪೂರ್ತಿ ಒಣಗಿಸಿ, ಉಸಿರಾಡುವ ಹತ್ತಿ ಬಟ್ಟೆ ಸುತ್ತಿ ಹಲಗೆಯ ಮೇಲೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಲ್ಲುತ್ತದೆ. ಸಿಮೆಂಟ್ ನೆಲದ ಮೇಲೆ ನೇರ ಇಡಬೇಡಿ. ಒಂದರ ಮೇಲೊಂದು ಪೇರಿಸುವುದಾದರೆ ನಡುವೆ ದಪ್ಪ ಫೆಲ್ಟ್ ಇರಲಿ. ವರ್ಷಗಟ್ಟಲೆ ಇಡುವುದಾದರೆ ಟೈರು ತೆಗೆದೇ ಇಡಿ. ಟೈರು ಮತ್ತು ರಿಮ್ ನಡುವೆ ತುಕ್ಕು ಬೆಳೆಯುವುದು ಕಾಣುವುದೇ ಇಲ್ಲ.

## ಟೈರು, ಟ್ಯೂಬು, ನಟ್ಟು

ಟ್ಯೂಬ್ ಹಾಕಬೇಕಾ ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಸ್ಪೋಕ್ ಚಕ್ರ ಆದರೆ ಟ್ಯೂಬ್ ಬೇಕೇ ಬೇಕು. ಸ್ಪೋಕಿನ ನಿಪ್ಪಲ್‌ಗಳು ರಿಮ್ಮನ್ನು ತೂರಿ ಬಂದಿರುತ್ತವೆ, ಅಲ್ಲೆಲ್ಲ ಗಾಳಿ ಹೋಗುತ್ತದೆ. ಜಾಗ್ವಾರ್ ಇ-ಟೈಪಿನ ಚಕ್ರದಲ್ಲಿ 72 ಸ್ಪೋಕ್, ಅಂದರೆ 72 ತೂತು. ಟ್ಯೂಬಿಗೂ ರಿಮ್ಮಿಗೂ ನಡುವೆ ರಿಮ್ ಟೇಪ್ ಹಾಕಿ.

ಎರಕದ ಚಕ್ರದಲ್ಲಿ ರಿಮ್ಮಿನ ಆಕಾರ ನೋಡಬೇಕು. ಈಗಿನ ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟೈರು ಕೂರುವ ಜಾಗದ ಪಕ್ಕ ಒಂದು ಸಣ್ಣ ಉಬ್ಬು ಇರುತ್ತದೆ. ತಿರುವಿನಲ್ಲಿ ಟೈರು ಒಳಗೆ ಜಾರದಂತೆ ಅದು ಹಿಡಿಯುತ್ತದೆ. ಎಷ್ಟೋ ಹಳೇ ರಿಮ್ಮಿನಲ್ಲಿ ಅದಿಲ್ಲ. ಇಲ್ಲದಿದ್ದರೆ ಟ್ಯೂಬ್ ಹಾಕಿ, ರೇಡಿಯಲ್ ಟೈರಿಗೆ ರೇಡಿಯಲ್‌ನ ಟ್ಯೂಬನ್ನೇ ಹಾಕಿ. ಹಾಕುವ ಮೊದಲು ಟೈರಿನ ಒಳಗೆ ಅಂಟಿಸಿದ ಕಾಗದದ ಲೇಬಲ್ ಕಿತ್ತು ತೆಗೆಯಿರಿ. ಆ ಚಿಕ್ಕ ಚೀಟಿಯ ಅಂಚು ಉಜ್ಜಿ ಉಜ್ಜಿ ಟ್ಯೂಬನ್ನು ತೂತು ಮಾಡುತ್ತದೆ.

ಟೈರು ಬದಲಿಸುವಾಗ ಅಂಗಡಿಯವರಿಗೆ ಏನು ಹೇಳಬೇಕು?

ಹೇಳುವುದರ ಜೊತೆ ಪಕ್ಕದಲ್ಲೇ ನಿಲ್ಲಿ. ರಿಮ್ಮಿನ ಅಂಚನ್ನು ಕಬ್ಬಿಣದ ಉಗುರಿನಿಂದ ಹಿಡಿಯುವ ಯಂತ್ರ ಬೇಡ. ನಡುವಿನಿಂದ ಹಿಡಿಯುವ, ಪ್ಲಾಸ್ಟಿಕ್ ತಲೆಯ ಯಂತ್ರ ಇದ್ದವರ ಹತ್ತಿರ ಹೋಗಿ. ಟೈರನ್ನು ರಿಮ್ಮಿನ ತಗ್ಗು ಯಾವ ಅಂಚಿಗೆ ಹತ್ತಿರ ಇದೆಯೋ ಆ ಕಡೆಯಿಂದಲೇ ಹಾಕಬೇಕು, ಇಲ್ಲದಿದ್ದರೆ ಬಲ ಜಾಸ್ತಿ ಬೀಳುತ್ತದೆ.

ಬ್ಯಾಲೆನ್ಸಿಂಗಿಗೆ ಅಂಚಿಗೆ ಬಡಿದು ಕೂರಿಸುವ ತೂಕ ಬೇಡ, ಒಳಗಡೆ ಅಂಟಿಸುವುದು ಇರಲಿ. ಸೆಂಟರ್ ಲಾಕ್ (ನಡುವೆ ಒಂದೇ ದೊಡ್ಡ ನಟ್ಟಿನ) ಚಕ್ರವನ್ನು ಸಾದಾ ಕೋನ್ ಮೇಲೆ ಕೂರಿಸಿದರೆ ಓರೆ ಕೂರುತ್ತದೆ, ಚಕ್ರ ಸರಿ ಇದ್ದರೂ ಯಂತ್ರ ತಪ್ಪು ತೋರಿಸುತ್ತದೆ. ಹಬ್ಬಿನ (ಚಕ್ರ ಕೂರುವ ನಡುಭಾಗದ) ಇಳಿಜಾರಿಗೆ ಹೊಂದುವ ಅಡಾಪ್ಟರ್ ಬೇಕು. "ಈ ಚಕ್ರ ಸೊಟ್ಟ" ಅಂತ ಅಂಗಡಿಯವರು ಹೇಳುವ ಎಷ್ಟೋ ಚಕ್ರ ನೆಟ್ಟಗೇ ಇರುತ್ತವೆ.

ಟೈರಿನ ವಯಸ್ಸೂ ನೋಡಿ. 2000ರ ನಂತರದ ಟೈರುಗಳಲ್ಲಿ ಪಕ್ಕದ ಗೋಡೆಯ ಮೇಲಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2319 ಇದ್ದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಆ ಟೈರಿನ ಮೇಲೆ ಓಡಿಸಬೇಡಿ, ಟೈರಿನ ಗೀರುಗಳು ಎಷ್ಟೇ ಆಳ ಉಳಿದಿರಲಿ.

ನಟ್ ಎಷ್ಟು ಬಿಗಿ ಮಾಡಬೇಕು?

ನಿಮ್ಮ ಕಾರಿನ ಪುಸ್ತಕದಲ್ಲಿ ಇರುವಷ್ಟು, ಟಾರ್ಕ್ ರೆಂಚಿನಿಂದ. ಹಳೇ 911ಕ್ಕೆ 130 ನ್ಯೂಟನ್ ಮೀಟರ್. ಗಾಳಿಯ ಗನ್ ಹಿಡಿದವರನ್ನು ಹತ್ತಿರ ಬಿಡಬೇಡಿ. ಮರೆಗೆ (ತಿರುಪಿನ ಸುರುಳಿ ಗೆರೆಗೆ) ಗ್ರೀಸ್ ಹಚ್ಚಬೇಕೋ ಬೇಡವೋ ಅನ್ನುವುದನ್ನೂ ಪುಸ್ತಕದಲ್ಲೇ ನೋಡಿ. ಗ್ರೀಸ್ ಹಚ್ಚಿದ ಮರೆಗೆ ಅಷ್ಟೇ ಟಾರ್ಕ್ ಕೊಟ್ಟರೂ ಬೋಲ್ಟಿನ ಮೇಲೆ ಬೀಳುವ ಎಳೆತ ಜಾಸ್ತಿ.

ನಟ್ಟಿನ ಬುಡದ ಆಕಾರ ಇನ್ನೂ ಮುಖ್ಯ. ಕೆಲವು ಚಕ್ರಕ್ಕೆ ಶಂಕುವಿನ ಆಕಾರ, ಪೋರ್ಷೆಗೆ ಗುಂಡು ಆಕಾರ. ಮರೆ ಒಂದೇ ಇದ್ದರೆ ಎರಡೂ ಹತ್ತಿಕೊಳ್ಳುತ್ತವೆ, ಬಿಗಿಯಾದ ಹಾಗೂ ಕಾಣುತ್ತದೆ. ಆದರೆ ಗೆರೆಯಷ್ಟೇ ಜಾಗದಲ್ಲಿ ತಾಗಿರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಸಡಿಲ ಆಗುತ್ತದೆ, ಚಕ್ರದ ತೂತೂ ಹಾಳು. ಯಾವಾಗ ಹಾಕಿದರೂ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೆ ಟಾರ್ಕ್ ನೋಡಿ.

ನಡುವಿನ ಒಂದೇ ದೊಡ್ಡ ನಟ್ಟು ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತೆ?

ರಡ್ಜ್ ಮಾದರಿಯ ಹಬ್ ಆದರೆ ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ ಆ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಕೇಳಿದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಚಕ್ರ ಉರುಳುವಾಗ ನಟ್ಟಿನೊಳಗೆ ಆಗುವ ಸಣ್ಣ ಚಲನೆ ನಟ್ಟನ್ನು ಉಲ್ಟಾ ಕಡೆಗೆ ದೂಡುತ್ತದೆ, ಹಾಗಾಗಿ ಓಡುತ್ತಾ ಓಡುತ್ತಾ ಬಿಗಿಯಾಗುತ್ತದೆ. ಅದಕ್ಕೇ ಎಡಗಡೆ ಹಬ್ಬಿಗೆ ಸಾದಾ ಬಲಮರೆ, ಬಲಗಡೆ ಹಬ್ಬಿಗೆ ಎಡಮರೆ. ಕಾರು ಪೂರ್ತಿ ಬಿಚ್ಚಿ ಜೋಡಿಸುವಾಗ ಹಬ್‌ಗಳು ಅದಲುಬದಲಾದರೆ ಓಡುತ್ತಾ ಓಡುತ್ತಾ ನಟ್ಟು ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಜೋಡಿಸಿದ ಕಾರು ಕೊಂಡರೆ ಮೊದಲು ಇದನ್ನೇ ನೋಡಿ. ಬೇರೆ ವಿನ್ಯಾಸದ ಹಬ್‌ಗಳೂ ಇವೆ, ನಟ್ಟಿನ ಮೇಲಿನ ಬಾಣದ ಗುರುತೇ ಕೊನೆಯ ಮಾತು.

ನಟ್ಟಿನ ಚಾಚಿದ ರೆಕ್ಕೆಗೆ ಹೊಡೆದು ತಿರುಗಿಸಲು ತಾಮ್ರದ ಅಥವಾ ಸೀಸದ ಸುತ್ತಿಗೆ ಬಳಸಿ, ಉಕ್ಕಿನದು ಬೇಡ. ರೆಕ್ಕೆಯ ಬದಲು ಎಂಟು ಮೂಲೆಯ ನಟ್ಟಿದ್ದರೆ ಅದು ನಕಲಿ ಅಂದುಕೊಳ್ಳಬೇಡಿ. 1960ರ ದಶಕದ ಕೊನೆಗೆ ಅಮೆರಿಕದ ಸುರಕ್ಷತಾ ನಿಯಮಗಳಿಂದಾಗಿ ಚಾಚಿದ ರೆಕ್ಕೆಗಳನ್ನು ಬಿಡಬೇಕಾಯಿತು.

ಸ್ಪೋಕ್ ಚಕ್ರದಿಂದ ಟಕ್ ಅನ್ನೋ ಶಬ್ದ ಬರ್ತಿದೆ. ಏನಿರಬಹುದು?

ಎರಡು ಬಗೆಯ ಶಬ್ದ ಇದೆ. ನಿಧಾನಕ್ಕೆ ಹೋಗುವಾಗ ಟಿಕ್ ಟಿಕ್ ಅಂದರೆ ಸ್ಪೋಕ್ ಸಡಿಲ. ಚಕ್ರ ಎತ್ತಿ, ಒಂದೊಂದೇ ಸ್ಪೋಕನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಂಗ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೆರಡು ಇದ್ದರೆ ಬಿಗಿ ಮಾಡಿಸಬಹುದು, ಸಾಲಾಗಿ ಸಡಿಲ ಇದ್ದರೆ ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು.

ಬ್ರೇಕ್ ಒತ್ತಿದಾಗ, ಮತ್ತೆ ವೇಗ ಕೊಟ್ಟಾಗ ಒಂದೇ ಸಲ ಟಕ್ ಅಂದರೆ ಅದು ಗಂಭೀರ. ಚಕ್ರವನ್ನು ಹಿಡಿದು ತಿರುಗಿಸುವ ಹಬ್ಬಿನ ಹಲ್ಲುಗಳು ಸವೆದಿವೆ. ಚಕ್ರ ತೆಗೆದು ನೋಡಿ: ಒಳ್ಳೆಯ ಹಲ್ಲಿನ ತುದಿ ಚಪ್ಪಟೆ, ಸವೆದದ್ದು ಚೂಪು. ಚೂಪಾಗಿದ್ದರೆ ಚಕ್ರ ಮತ್ತು ಹಬ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಬೇಗ ತಿನ್ನುತ್ತದೆ. ಸವೆಯದಿರಲು ಹಲ್ಲುಗಳಿಗೆ ತೆಳುವಾಗಿ ಗ್ರೀಸ್ ಇರಲಿ.

## ರಿಪೇರಿ

ಕಣ್ಣಿಗೆ ಏನೂ ಕಾಣ್ತಿಲ್ಲ. ಆದರೂ ಬಿರುಕಿನ ಪರೀಕ್ಷೆ ಬೇಕಾ?

ಬೇಕು. ಬಣ್ಣ ಹಚ್ಚಿಸುವುದಕ್ಕೆ ಮೊದಲೇ ಬೇಕು. ಲೋಹ ದಣಿದು ಬರುವ ಬಿರುಕು ಕೂದಲಿಗಿಂತ ಸಣ್ಣದಾಗಿ ಶುರುವಾಗುತ್ತದೆ. ತೋಳು ನಡುವಿಗೆ ಸೇರುವ ಮೂಲೆ, ಬೋಲ್ಟ್ ತೂತಿನ ಸುತ್ತ, ಒಳಗಡೆ ಟೈರು ಕೂರುವ ಅಂಚು, ಈ ಮೂರು ಜಾಗ ಅದರ ಮನೆ.

ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡಕ್ಕೂ ಡೈ ಪೆನಿಟ್ರಂಟ್ ಪರೀಕ್ಷೆ ಮಾಡಿಸಿ. ಬಣ್ಣ ಪೂರ್ತಿ ತೆಗೆದ ಲೋಹಕ್ಕೆ ತೆಳ್ಳಗಿನ ಬಣ್ಣದ ದ್ರವ ಹಚ್ಚುತ್ತಾರೆ. ಅದು ಬಿರುಕಿನೊಳಗೆ ಇಳಿಯುತ್ತದೆ. ಒರೆಸಿ, ಬಿಳಿ ಪುಡಿ ಹಾಕಿದರೆ ಬಿರುಕಿನಿಂದ ದ್ರವ ಮೇಲೆದ್ದು ಗೆರೆಯಾಗಿ ಕಾಣುತ್ತದೆ. ಇನ್ನೂ ಸೂಕ್ಷ್ಮ ಬೇಕಾದರೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ದ್ರವ ಇದೆ. ಕಾಂತದ ಪುಡಿಯ ಪರೀಕ್ಷೆ ಉಕ್ಕಿಗೆ ಮಾತ್ರ, ಅಲಾಯ್ ಚಕ್ರಕ್ಕೆ ಮಾಡಿಸಿ ದುಡ್ಡು ಕಳೆಯಬೇಡಿ. ಎರಕದ ಒಳಗಿನ ಟೊಳ್ಳು ನೋಡಲು ಎಕ್ಸ್-ರೇ ಬೇಕು. ರೇಸಿಗೆ ಬಳಸಿದ ಚಕ್ರ ಅಂತ ಗೊತ್ತಿದ್ದರೆ ಅದನ್ನೂ ಮಾಡಿಸುವುದು ಒಳ್ಳೆಯದು.

ವರದಿ ಲಿಖಿತವಾಗಿ ಪಡೆಯಿರಿ, ಯಾವ ಚಕ್ರದ ವರದಿ ಅನ್ನುವುದು ಮುದ್ರೆಯ ಸಂಖ್ಯೆ ಸಮೇತ ಇರಲಿ.

ಹಳೇ ಬಣ್ಣ ತೆಗೆಸಿ ಪೌಡರ್ ಕೋಟಿಂಗ್ ಮಾಡಿಸಬಹುದಾ?

ಪುಡಿಯ ಬಣ್ಣ ಎರಚಿ ಒಲೆಯಲ್ಲಿ ಕಾಯಿಸುವ ಈ ಕೆಲಸಕ್ಕೆ ನನ್ನ ಉತ್ತರ ಬೇಡ ಅಂತಲೇ. ಕಾರಣಗಳು ಬೇರೆ ಬೇರೆ.

ಶಾಖ ಮೊದಲನೆಯದು. ಎಷ್ಟೋ ಅಲ್ಯೂಮಿನಿಯಂ ಚಕ್ರಗಳಿಗೆ ಗಟ್ಟಿತನ ಬರುವುದು ತಯಾರಿಕೆಯಲ್ಲಿ 150ರಿಂದ 175 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿದ್ದರಿಂದ. ಪೌಡರ್ ಕೋಟಿಂಗಿನ ಒಲೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ. ಒಂದು ಸಲ ಇಪ್ಪತ್ತು ನಿಮಿಷಕ್ಕೆ ದೊಡ್ಡ ನಷ್ಟ ಆಗದಿರಬಹುದು. ಆದರೆ ನಿಮ್ಮ ಚಕ್ರ ಹಿಂದೆ ಎಷ್ಟು ಸಲ ಒಲೆ ಕಂಡಿದೆಯೋ ಯಾರಿಗೆ ಗೊತ್ತು? ಇನ್ನೂ ಕೆಟ್ಟದ್ದು ಹಳೇ ಬಣ್ಣ ಸುಟ್ಟು ತೆಗೆಯುವ ಒಲೆ. ಅದು 400 ಡಿಗ್ರಿ ಹತ್ತಿರ ಹೋಗುತ್ತದೆ. ಅದರೊಳಗೆ ಹೋದ ಅಲಾಯ್ ಚಕ್ರವನ್ನು ಗೋಡೆಗೆ ತೂಗುಹಾಕಿ, ಕಾರಿಗಲ್ಲ.

ಎರಡನೆಯದು ದಪ್ಪ. ದಪ್ಪ ಪದರ ಬಿರುಕನ್ನು ಮುಚ್ಚುತ್ತದೆ. ನಟ್ ಕೂರುವ ಜಾಗದಲ್ಲಿ, ಹಬ್ಬಿಗೆ ತಾಗುವ ಮುಖದಲ್ಲಿ ಆ ಪದರ ಉಳಿದರೆ ನಿಧಾನಕ್ಕೆ ಒತ್ತಿ ಹೋಗುತ್ತದೆ, ನಟ್ ಸಡಿಲ ಆಗುತ್ತದೆ. ಯಾವ ಬಣ್ಣವೇ ಆಗಲಿ, ಈ ಎರಡು ಜಾಗ ಬರೀ ಲೋಹ ಅಥವಾ ಕಾರ್ಖಾನೆಯ ತೆಳು ಪದರವಷ್ಟೇ ಇರಬೇಕು.

ಬಣ್ಣ ತೆಗೆಯಲು ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ಸೋಡಾ ಬೇಡ, ಅದು ಲೋಹವನ್ನೇ ಕರಗಿಸುತ್ತದೆ. ಮೆಗ್ನೀಸಿಯಂ ಕ್ಷಾರ ತಡೆಯುತ್ತದೆ, ಆಮ್ಲ ತಡೆಯದು. ಮೆಗ್ನೀಸಿಯಂ ಮೇಲೆ ಉಕ್ಕಿನ ಗುಂಡಿನಿಂದ ಬ್ಲಾಸ್ಟಿಂಗ್ ಮಾಡಿಸಿದರೆ ಕಬ್ಬಿಣದ ಕಣ ಹೊಕ್ಕು ಕೂತು, ಹೊಸ ಬಣ್ಣದ ಕೆಳಗೇ ತುಕ್ಕು ಶುರು. ಸ್ವಚ್ಛ ಮಾಡಿದ ಮೆಗ್ನೀಸಿಯಮ್ಮಿಗೆ ಅದೇ ದಿನ ಕ್ರೋಮೇಟ್ ಅಥವಾ ಅದಕ್ಕೆ ಸಮನಾದ ರಾಸಾಯನಿಕ ಪದರ, ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಗಾಳಿಯಲ್ಲೇ ಒಣಗುವ ಬಣ್ಣ. ಕ್ರೋಮೇಟ್ ವಿಷದ ವಸ್ತು, ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ರಿಮ್ ಸೊಟ್ಟ ಆಗಿದೆ, ಒಂದು ತುಂಡು ಮುರಿದಿದೆ. ಬೆಸುಗೆ ಹಾಕಿಸಲಾ?

ಎಲ್ಲಿ ಮುರಿದಿದೆ ಅನ್ನುವುದರ ಮೇಲೆ. ಹೊರ ಅಂಚಿನ ಚಿಕ್ಕ ತುಂಡಾದರೆ ಮೆಗ್ನೀಸಿಯಮ್ಮಿಗೂ ಟಿಗ್ (ಅನಿಲದ ರಕ್ಷಣೆಯಲ್ಲಿ ವಿದ್ಯುತ್ತಿನಿಂದ ಮಾಡುವ) ಬೆಸುಗೆ ಹಾಕುವವರು ಇದ್ದಾರೆ. ತೋಳು, ಬೋಲ್ಟ್ ತೂತು, ನಡುಭಾಗ ಆದರೆ ಯಾರು ಏನೇ ಹೇಳಲಿ ಆ ಚಕ್ರ ರಸ್ತೆಗೆ ಬೇಡ. ಬೆಸುಗೆಯ ಅಕ್ಕಪಕ್ಕ ಲೋಹ ಮೆತ್ತಗಾಗಿರುತ್ತದೆ, ಇಡೀ ಚಕ್ರಕ್ಕೆ ಮತ್ತೆ ಶಾಖ ಸಂಸ್ಕಾರ ಕೊಡುವ ಸೌಲಭ್ಯ ಇರುವವರು ಕಡಿಮೆ.

ಫೋರ್ಜ್ ಮಾಡಿದ ಚಕ್ರ ಬಾಗುತ್ತದೆ, ಎರಕದ್ದು ಒಡೆಯುತ್ತದೆ. ಹಾಗಾಗಿ ಸ್ವಲ್ಪ ಬಾಗಿದ ಫುಕ್ಸನ್ನು ನೆಟ್ಟಗೆ ಮಾಡಬಹುದು. ಅದೂ ಬೆಂಕಿಯ ಟಾರ್ಚ್ ಹಿಡಿಯದೆ. ಮಾಡಿಸಿದ ಮೇಲೆ ಮತ್ತೊಮ್ಮೆ ಬಿರುಕಿನ ಪರೀಕ್ಷೆ.

ಪಂಕ್ಚರ್ ಇಲ್ಲ, ವಾಲ್ವ್ ಸರಿ ಇದೆ. ಆದರೂ ವಾರದಲ್ಲಿ ಗಾಳಿ ಇಳಿಯುತ್ತೆ.

ಹಳೇ ಎರಕದಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ, ಒಳಗಿನ ಬಣ್ಣ ಹೋದರೆ ಅವುಗಳಿಂದ ಗಾಳಿ ಸೋರುತ್ತದೆ. ಟೈರು ಹಾಕಿದ ಚಕ್ರವನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ, ಆಮೇಲೆ ಚೆನ್ನಾಗಿ ಒಣಗಿಸಿ. ಲೋಹದ ಮಧ್ಯದಿಂದ ಬಂದರೆ ಮೊದಲು ಬಿರುಕಲ್ಲ ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಒಳಗಡೆ ಎಪಾಕ್ಸಿ ಪದರ ಹಚ್ಚಿಸಿ. ಅಂಚಿನಿಂದ ಬಂದರೆ ಟೈರು ಕೂರುವ ಜಾಗದ ತುಕ್ಕು. ಅದನ್ನು ತೆಗೆದು ಬಣ್ಣ ಹಚ್ಚಿದರೆ ಸಾಕು.

ಮೆಗ್ನೀಸಿಯಂ ಚಕ್ರಕ್ಕೆ ಬೆಂಕಿ ಹತ್ತುತ್ತೆ ಅಂತಾರೆ. ನಿಜವಾ?

ಗಟ್ಟಿ ಚಕ್ರಕ್ಕೆ ಸುಲಭದಲ್ಲಿ ಹತ್ತುವುದಿಲ್ಲ. ಕರಗುವ ಮಟ್ಟಕ್ಕೆ, ಅಂದರೆ 650 ಡಿಗ್ರಿ ಹತ್ತಿರಕ್ಕೆ ಬಿಸಿಯಾಗಬೇಕು. ಅಪಾಯ ಇರುವುದು ಪುಡಿಯಲ್ಲಿ. ಉಜ್ಜಿದ ದೂಳು, ಲೇತಿನ ಚೂರು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಉರಿಯುವ ಮೆಗ್ನೀಸಿಯಮ್ಮಿಗೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಹೆಚ್ಚುತ್ತದೆ. 1955ರ ಲ ಮಾನ್ಸ್ ದುರಂತದಲ್ಲಿ ಮರ್ಸಿಡಿಸ್ 300ಎಸ್‌ಎಲ್‌ಆರ್‌ನ ಮೆಗ್ನೀಸಿಯಂ ಮಿಶ್ರಲೋಹದ ಮೈ ಹಾಗೇ ಉರಿಯಿತು. ಉಜ್ಜುವ ಕೆಲಸ ಇದ್ದರೆ ಒದ್ದೆ ಕಾಗದ ಬಳಸಿ, ದೂಳು ಅಂದಂದೇ ತೆಗೆಯಿರಿ, ಉಕ್ಕು ಉಜ್ಜುವ ಗ್ರೈಂಡರ್ ಹತ್ತಿರ ಬೇಡ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಒಣಪುಡಿಯ ಸಿಲಿಂಡರ್ ಪಕ್ಕದಲ್ಲಿರಲಿ.

## ಇನ್ನಷ್ಟು ಆಳದ ಪ್ರಶ್ನೆಗಳು

ಅಸಲಿಯನ್ನು ಎತ್ತಿಟ್ಟು, ನಕಲು ಹಾಕಿ ಓಡಿಸೋದು ಸರಿಯಾ?

ಎಲ್ಲಿ ಓಡಿಸುತ್ತೀರಿ ಅನ್ನುವುದು ಪ್ರಶ್ನೆ. ರೇಸ್ ಟ್ರ್ಯಾಕಿಗೆ, ದೂರದ ಕೆಟ್ಟ ರಸ್ತೆಗೆ ಹೊಸದಾಗಿ ಮಾಡಿದ ಚಕ್ರ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ. ಹೊಸ ಎರಕ, ಹೊಸ ಲೋಹ, ಆಯಾಸ ಇಲ್ಲ. ಭಾನುವಾರ ಬೆಳಿಗ್ಗೆಯ ಓಡಾಟಕ್ಕೆ ಪರೀಕ್ಷೆ ಪಾಸಾದ ಅಸಲಿ ಚಕ್ರ ಹಾಕಿ. ಪೂರ್ತಿ ಎತ್ತಿಟ್ಟು ಕೂರುವವರ ವಾದ ನನಗೆ ಅಷ್ಟು ಹಿಡಿಸುವುದಿಲ್ಲ. ವರ್ಷಕ್ಕೆ ಕೆಲವು ಸಲವಾದರೂ ಬಳಸಿದರೆ ನೀವು ಅದನ್ನು ನೋಡುತ್ತೀರಿ, ತೊಳೆಯುತ್ತೀರಿ. ಮರೆತು ಮೂಲೆಯಲ್ಲಿಟ್ಟ ಚಕ್ರದ ತುಕ್ಕು ಯಾರ ಕಣ್ಣಿಗೂ ಬೀಳದು.

ಆದರೆ ಹೊಸ ಚಕ್ರದ ಮೇಲೆ ಹಳೇ ಮುದ್ರೆ ಗುದ್ದಿಸಬೇಡಿ. ಇವತ್ತು ನಿಮಗೆ ಅದು ತಮಾಷೆ, ಹತ್ತು ವರ್ಷದ ನಂತರ ಕೊಳ್ಳುವವರಿಗೆ ಮೋಸ.

ಹಳೇ ಚಕ್ರವನ್ನೇ ಅಗಲ ಮಾಡಿಸಬಹುದಂತೆ?

ಕತ್ತರಿಸಿ, ಪಟ್ಟಿ ಸೇರಿಸಿ, ಬೆಸೆಯುವ ಕೆಲಸ ಅದು. ತಿರುಗಿ ಮೊದಲಿನಂತೆ ಆಗದು. ಅಗಲದ ಚಕ್ರ ಬೇಕಿದ್ದರೆ ಅಗಲದ್ದನ್ನೇ ಕೊಳ್ಳಿ. ಹಾಗೆ ಕೊಂಡಾಗಲೂ ಬೇರಿಂಗಿನ ಮೇಲೆ ಬೀಳುವ ಭಾರ, ಚಕ್ರ ಎಷ್ಟು ಹೊರಗೆ ಬರುತ್ತದೆ ಅನ್ನುವುದು, ಸ್ಟೀರಿಂಗಿನ ತೂಕ ಎಲ್ಲ ಬದಲಾಗುತ್ತದೆ. ಹಳೇ ಸಸ್ಪೆನ್ಷನ್ ಕಿರಿದಾದ, ಎತ್ತರದ ಟೈರಿಗೆ ಹೊಂದಿಸಿದ್ದು. ಅಗಲ ಹಾಕಿದರೆ ಕಾರು ಒಳ್ಳೆಯದಾಗುತ್ತದೆ ಅನ್ನುವುದು ಎಲ್ಲ ಕಾರಿಗೂ ನಿಜವಲ್ಲ.

ಸಿಟ್ರೊಯೆನ್ ಎಸ್‌ಎಂಗೆ ಲೋಹವೇ ಅಲ್ಲದ ಚಕ್ರ ಇತ್ತಂತೆ. ಅದನ್ನು ನೋಡಿಕೊಳ್ಳೋದು ಹೇಗೆ?

ಇತ್ತು. ಮಿಶೆಲಿನ್ ಮಾಡಿದ, ನಾರು ಸೇರಿಸಿದ ರಾಳದ ಚಕ್ರ, 1970ರ ದಶಕದ್ದು. ಮೇಲೆ ಹೇಳಿದ ತುಕ್ಕಿನ ಮಾತು ಅದಕ್ಕಿಲ್ಲ. ಬೆಸುಗೆಯೂ ಇಲ್ಲ, ಒಲೆಯೂ ಇಲ್ಲ. ಬಣ್ಣ ತೆಗೆಯುವ ದ್ರಾವಣ ರಾಳವನ್ನೇ ಮೆತ್ತಗೆ ಮಾಡಬಹುದು, ಅದನ್ನು ಹತ್ತಿರ ತರಬೇಡಿ. ಬಿಸಿಲಿನಲ್ಲಿ ಬಿಡಬೇಡಿ. ಬೋಲ್ಟ್ ತೂತಿನ ಸುತ್ತ ಪದರ ಬಿಟ್ಟಿದ್ದರೆ ಅದು ಪ್ರದರ್ಶನಕ್ಕೆ ಮಾತ್ರ.

ಕಳ್ಳತನ, ವಿಮೆ, ಮುಂದೆ ಮಾರಾಟ. ಯಾವ ದಾಖಲೆ ಇಟ್ಟುಕೊಳ್ಳಬೇಕು?

ಟೈರು ತೆಗೆದಾಗಲೆಲ್ಲ ಫೋಟೋ ತೆಗೆಯಿರಿ, ಆ ಅವಕಾಶ ಪದೇ ಪದೇ ಬಾರದು. ಪ್ರತಿ ಚಕ್ರದ ಮುಂದೆ, ಹಿಂದೆ, ಎಲ್ಲ ಮುದ್ರೆಗಳ ಹತ್ತಿರದ ಚಿತ್ರ, ಟೈರಿಲ್ಲದ ತೂಕ. ಒಂದೊಂದು ಗೀರು, ಒಂದೊಂದು ಎರಕದ ಗುಳ್ಳೆ ಕೂಡ ಗುರುತೇ. ಕಳುವಾದ ಚಕ್ರಕ್ಕೆ ಹೊಸ ಬಣ್ಣ ಹಚ್ಚಿದರೂ ಹಿಂಭಾಗದ ಎರಕದ ಕಲೆ ಬದಲಾಗದು. ಬಿರುಕಿನ ವರದಿ, ಯಾರು ಯಾವ ಕೆಲಸ ಮಾಡಿದರು, ಯಾವ ಬಣ್ಣ ಹಚ್ಚಿದರು, ಎಲ್ಲ ಒಂದು ಕಡೆ ಇರಲಿ.

ವಿಮೆಯಲ್ಲಿ ಚಕ್ರಗಳನ್ನು ಬೇರೆಯಾಗಿ ಬರೆಸಿ. ಮನೆಯಲ್ಲಿ ಬಿಚ್ಚಿಟ್ಟ ಚಕ್ರ ಕಾರಿನ ವಿಮೆಯೊಳಗೆ ಬರುತ್ತದೋ ಇಲ್ಲವೋ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಮಾರುವಾಗ ಫೋಟೋ ಎಲ್ಲರಿಗೂ ಕಳಿಸಬೇಕಾಗುತ್ತದೆ, ಆದರೆ ಎಲ್ಲ ಮುದ್ರೆಗಳ ಸ್ಪಷ್ಟ ಚಿತ್ರ ಕಳಿಸಬೇಡಿ. ನಕಲು ಮಾಡುವವರಿಗೆ ಬೇಕಿರುವುದೂ ಅದೇ. ಗಂಭೀರವಾಗಿ ಕೊಳ್ಳುವವರು ಬಂದು ಚಕ್ರ ಮಗುಚಿ ನೋಡಲಿ.